ನಮ್ಮ 1978ರ ಮಿನಿಗೆ ಡಿಕ್ಕಿ ತೆಗೆಸಿ ಹ್ಯಾಚ್ ಹಾಕ್ಸಿದ್ದು: ಗ್ಯಾರೇಜಿಗೆ ಐದರಲ್ಲಿ ಮೂರು

ಹ್ಯಾಚ್ ಅಂದ್ರೆ ಹಿಂದಿನ ಗ್ಲಾಸ್ ಸಮೇತ ಮೇಲಕ್ಕೆ ಎತ್ತೋ ಹಿಂಬಾಗ್ಲು. ಮೊದಲೇ ಹೇಳಿಬಿಡ್ತೀನಿ. ವೆಲ್ಡಿಂಗಿಗೆ ಐದಕ್ಕೆ ಐದು, ಬೀಡಿಂಗಿಗೆ (ಬಾಗ್ಲು ಸುತ್ತ ಸಂದಿ ಮುಚ್ಚೋ ಪಟ್ಟಿ) ಒಂದು, ಹೇಳಿದ ಟೈಮಿಗೆ ಗಾಡಿ ಕೊಡೋದ್ರಲ್ಲಿ ಸೊನ್ನೆ. ಎಲ್ಲಾ ಸೇರಿಸಿ ಮೂರು ಸ್ಟಾರ್ ಅಂತ ಇಟ್ಕೊಳ್ಳಿ. ಗ್ಯಾರೇಜಿನ ಹೆಸರು ಹಾಕ್ತಿಲ್ಲ, ಇನ್ನೂ ಒಂದು ಕೆಲಸ ಅವರ ಹತ್ರಾನೇ ಬಾಕಿ ಇದೆ, ಸುಮ್ನೆ ಜಗಳ ಯಾಕೆ. ಬರ್ಮಿಂಗ್‌ಹ್ಯಾಮಿನಿಂದ ಒಂದು ಗಂಟೆ ದಾರಿ, ಅಪ್ಪ ಮಗ ಇಬ್ಬರೇ ನಡೆಸೋ ವರ್ಕ್‌ಶಾಪು, ಹಳೇ ಇಂಗ್ಲಿಷ್ ಕಾರು ಬಿಟ್ಟು ಬೇರೆ ಮುಟ್ಟಲ್ಲ, ಫೋನ್ ಮಾಡಿದ್ರೆ ಎತ್ತಲ್ಲ, ನೇರ ಹೋಗಿ ನಿಂತ್ರೆ ಚಹಾ ಕೊಟ್ಟು ಎರಡು ತಾಸು ಮಾತಾಡ್ತಾರೆ. ಅಂಥ ಜನ.

ಗಾಡಿ ಯಾವುದು ಅಂದ್ರೆ ಮಿನಿ 1000, 998 ಸಿಸಿ, ಈಗಿನ ಬಿಎಂಡಬ್ಲ್ಯು ಮಿನಿ ಅಲ್ಲ, ನಿಜವಾದ ಮಿನಿ, 3.05 ಮೀಟರ್ ಉದ್ದ, ಕೇಳಿದ್ರೆ ಹತ್ತೇ ಅಡಿ. ನಾವಿರೋದು ಲಾಂಗ್‌ಬ್ರಿಡ್ಜ್ ಹತ್ರ, ಮಿನಿ 1959ರಿಂದ 2000ದ ಅಕ್ಟೋಬರ್ ತನಕ ತಯಾರಾದ ಊರು ಇದು, ಈಗ ಆ ಫ್ಯಾಕ್ಟರಿ ಇದ್ದ ಜಾಗದಲ್ಲಿ ಅಂಗಡಿ, ಮನೆ, ಕಾಲೇಜು ಬಂದಿವೆ. ನಮ್ಮ ಎದುರು ಮನೆಯ ಅಜ್ಜಿಯ ಯಜಮಾನರು ಅಲ್ಲೇ ಕೆಲಸಕ್ಕಿದ್ದವರು, ಅವರು ತೀರಿಕೊಂಡ ಮೇಲೆ ಗಾಡಿ ಆರು ವರ್ಷ ಶೆಡ್ಡಲ್ಲಿ ಕೂತಿತ್ತು, ಅಜ್ಜಿ ನನಗೆ ಕೊಟ್ರು, ಪುಕ್ಕಟೆ ಅಲ್ಲ ಮಾರಾಯ್ರೆ, ಆದ್ರೆ ಮಾರ್ಕೆಟ್ ರೇಟಿಗಿಂತ ಕಮ್ಮಿ.

ಈಗ ಹ್ಯಾಚ್ ಯಾಕೆ ಬೇಕಿತ್ತು ಅಂತ. ನಾನು ಕುಂದಾಪುರದ ಕಡೆಯವನು, ಇಲ್ಲಿ ನಾವು ಆರೇಳು ಜನ ಸೇರಿ ತಿಂಗಳಿಗೊಂದು ತಾಳಮದ್ದಳೆ ಮಾಡ್ತೀವಿ, ಯಾರದ್ದಾದ್ರೂ ಮನೆ ಹಾಲಲ್ಲಿ, ಇಲ್ಲಾಂದ್ರೆ ಚರ್ಚ್ ಹಾಲ್ ಬಾಡಿಗೆಗೆ ತಗೊಂಡು. ಚಂಡೆ ನನ್ನದು. ಮದ್ದಳೆ ಬಾರಿಸೋ ಪುಣ್ಯಾತ್ಮನ ಹತ್ರ ಕಾರಿಲ್ಲ, ಹಾಗಾಗಿ ಅದೂ ನನ್ನ ಗಾಡಿಗೆ, ಮೇಲೆ ಭಾಗವತರ ಹಾರ್ಮೋನಿಯಂ. ಮಿನಿ ಡಿಕ್ಕಿ ನೋಡಿದವರಿಗೆ ಗೊತ್ತು ಅದರ ಅವತಾರ, ಎಡಗಡೆ ಪೆಟ್ರೋಲ್ ಟ್ಯಾಂಕ್ ನೆಟ್ಟಗೆ ನಿಂತಿರುತ್ತೆ, ಬಲಗಡೆ ನೆಲದಲ್ಲಿ ಬ್ಯಾಟರಿ, ಅದರ ಪಕ್ಕ ಗುಂಡಿಯಲ್ಲಿ ಸ್ಟೆಪ್ನಿ, ಉಳಿದ ಜಾಗದಲ್ಲಿ ಎರಡು ತೆಂಗಿನಕಾಯಿ ಚೀಲ ಇಡಬಹುದು. ಜಾಗಕ್ಕಿಂತ ದೊಡ್ಡ ತೊಂದರೆ ಬಾಯಿ. ಬಾಗ್ಲು ಅಗಲ ಇದ್ರೂ ಎತ್ತರ ಇಲ್ಲ, ಚಂಡೆ ಪೆಟ್ಟಿಗೆ ಹೋಗೋದೇ ಇಲ್ಲ. ಮುಂದಿನ ಬಾಗ್ಲಿಂದ ತೂರಿಸಿ ಹಿಂದಿನ ಸೀಟಿಗೆ ಹತ್ತಿಸಬೇಕು, ಎರಡೇ ಬಾಗ್ಲಿನ ಗಾಡಿ ಬೇರೆ, ಪ್ರತಿ ಸಲ ಸೊಂಟ ಹಿಡ್ಕೊಂಡು ಇಳೀತಿದ್ದೆ, ಮಗಳು ಮುಂದಿನ ಸೀಟಲ್ಲಿ ಹಾರ್ಮೋನಿಯಂ ತೊಡೆ ಮೇಲೆ ಇಟ್ಕೊಂಡು ಕೂರೋಳು.

(ಸ್ಟೆಪ್ನಿ ಅಂದೆ ಅಲ್ವಾ, ಆ ಪದ ಇಲ್ಲಿ ಇಂಗ್ಲೆಂಡಲ್ಲಿ ಒಬ್ಬರಿಗೂ ಅರ್ಥ ಆಗಲ್ಲ, ಆದ್ರೆ ಅದು ಹುಟ್ಟಿದ್ದು ಇಲ್ಲೇ ಪಕ್ಕದ ವೇಲ್ಸಲ್ಲಿ, ಲ್ಲಾನೆಲ್ಲಿ ಊರಿನ ಸ್ಟೆಪ್ನಿ ಸ್ಟ್ರೀಟಲ್ಲಿ ಸ್ಪೇರ್ ವೀಲ್ ಮಾಡ್ತಿದ್ದ ಕಂಪನಿಯಿಂದ. ಇಲ್ಲಿಯವರು ಮರೆತ್ರು, ನಾವು ಉಳಿಸ್ಕೊಂಡ್ವಿ. ಗ್ಯಾರೇಜಿನ ಅಪ್ಪನಿಗೆ ಇದನ್ನ ಹೇಳಿದಾಗ ಮೊದಲು ನಂಬಲಿಲ್ಲ, ಮುಂದಿನ ವಾರ ಎಲ್ಲೋ ನೋಡಿ ಖುಷಿಯಾಗಿ ತಾನೂ ಸ್ಟೆಪ್ನಿ ಅನ್ನೋಕೆ ಶುರು ಮಾಡಿದ್ರು.)

ವಾದ್ಯಕ್ಕೋಸ್ಕರ ಮಿನಿ ಹಿಂಭಾಗ ಕತ್ತರಿಸಿದವರಲ್ಲಿ ನಾನು ಮೊದಲನೆಯವನೇನಲ್ಲ. ಬೀಟಲ್ಸ್‌ನ ರಿಂಗೋ ಸ್ಟಾರ್ 1966ರಲ್ಲಿ ತನ್ನ ಮಿನಿ ಕೂಪರ್ ಎಸ್‌ಗೆ ರ‍್ಯಾಡ್‌ಫರ್ಡ್ ಅನ್ನೋ ಕೋಚ್‌ಬಿಲ್ಡರ್ (ಕಾರಿನ ಬಾಡಿ ಕಟ್ಟೋರು) ಹತ್ರ ಹ್ಯಾಚ್ ಹಾಕಿಸ್ಕೊಂಡಿದ್ದ, ಕಾರಣ ಡ್ರಮ್ ಸೆಟ್ ಹೋಗ್ಬೇಕು ಅಂತ. ಆ ಗಾಡಿ 2017ರ ಹರಾಜಲ್ಲಿ ಒಂದು ಲಕ್ಷ ಪೌಂಡ್ ದಾಟ್ತು. ನಾನು ಇದನ್ನ ಹೆಂಡ್ತಿಗೆ ಹೇಳಿದೆ. "ಅವ್ರು ರಿಂಗೋ ಸ್ಟಾರು, ನೀವು ಯಾರು? ಇದೇ ದುಡ್ಡಿಗೆ ಒಂದೊಳ್ಳೆ ಸೆಕೆಂಡ್‌ಹ್ಯಾಂಡ್ ಎಸ್ಟೇಟ್ ಕಾರು ಬರ್ತಿತ್ತಲ್ರೀ" ಅಂದ್ಳು, ಎಸ್ಟೇಟ್ ಅಂದ್ರೆ ಹಿಂದೆ ರೂಫ್ ತನಕ ಸಾಮಾನಿಗೆ ಜಾಗ ಇರೋ ಉದ್ದದ ಕಾರು. ಲಾಜಿಕ್ ಪ್ರಕಾರ ಅವಳದ್ದೇ ಸರಿ.

ಊರಿಗೆ ಫೋನ್ ಮಾಡಿ ಅಪ್ಪಯ್ಯನಿಗೆ "ಗಾಡಿ ಡಿಕ್ಕಿ ತೆಗೆಸ್ತಾ ಇದ್ದೀನಿ" ಅಂದ್ರೆ ಅವರಿಗೆ ಕೇಳಿಸಿದ್ದು ಡಿಕ್ಕಿ ಅಷ್ಟೇ, "ಯಾರಿಗೆ ಡಿಕ್ಕಿ ಹೊಡೆದ್ಯಾ, ಪೆಟ್ಟಾಯ್ತಾ" ಅಂತ ಗಾಬರಿ. ಬಿಡಿಸಿ ಹೇಳಿದ ಮೇಲೆ ಇನ್ನೂ ತಲೆಬಿಸಿ. ಅವರ ಹತ್ರ ಒಂದು ಕಾಲದಲ್ಲಿ ಪ್ರೀಮಿಯರ್ ಪದ್ಮಿನಿ ಇತ್ತು, ಅವರ ಪ್ರಕಾರ ಡಿಕ್ಕಿ ಇಲ್ಲದ್ದು ಕಾರೇ ಅಲ್ಲ. ಅವರನ್ನ ದೂರಿ ಪ್ರಯೋಜನ ಇಲ್ಲ, ನಮ್ಮ ದೇಶದ ಕತೆನೇ ಉಲ್ಟಾ. 2006ರ ಬಜೆಟ್ಟಲ್ಲಿ ನಾಲ್ಕು ಮೀಟರ್ ಒಳಗಿನ ಸಣ್ಣ ಕಾರಿಗೆ ಅಬಕಾರಿ ಸುಂಕ ಇಳಿಸಿದ್ದೇ ಇಳಿಸಿದ್ದು, ಕಂಪನಿಯವರು ಇರೋ ಹ್ಯಾಚ್‌ಬ್ಯಾಕಿಗೆ ಹೇಗಾದ್ರೂ ಮಾಡಿ ಒಂದು ಡಿಕ್ಕಿ ಅಂಟಿಸಿ ನಾಲ್ಕು ಮೀಟರ್ ಒಳಗೆ ಮುಗಿಸೋ ಕಸರತ್ತು ಶುರು ಮಾಡಿದ್ರು. 2008ರ ಇಂಡಿಗೋ ಸಿಎಸ್, 2012ರಲ್ಲಿ ಹಿಂದೆ ಕತ್ತರಿಸಿ ಗಿಡ್ಡ ಮಾಡಿದ ಡಿಜೈರ್, ಇವೆಲ್ಲ ಆ ಸಂತಾನವೇ. ಅಲ್ಲಿ ಇಡೀ ದೇಶ ಹ್ಯಾಚಿಗೆ ಡಿಕ್ಕಿ ಅಂಟಿಸ್ತಾ ಇರೋವಾಗ ನಾನು ಇಲ್ಲಿ ದುಡ್ಡು ಕೊಟ್ಟು ಇರೋ ಡಿಕ್ಕಿ ಕೀಳಿಸ್ತಾ ಇದ್ದೀನಿ ಅಂದ್ರೆ ಅಪ್ಪಯ್ಯನಿಗೆ ಹೇಗೆ ಅರ್ಥ ಆಗ್ಬೇಕು.

ಮಿನಿಗೆ ಕಂಪನಿಯವರೇ ಯಾಕೆ ಹ್ಯಾಚ್ ಕೊಡ್ಲಿಲ್ಲ ಅನ್ನೋದು ನನಗೆ ಬಹಳ ವರ್ಷದ ಪ್ರಶ್ನೆ. ಅದನ್ನ ಡಿಸೈನ್ ಮಾಡಿದ ಇಸಿಗೋನಿಸ್ ದಡ್ಡನಲ್ಲ. ಇಂಜಿನ್ ಅಡ್ಡ ಇಟ್ಟು, ಗೇರ್‌ಬಾಕ್ಸ್ ಇಂಜಿನ್ ಕೆಳಗಿನ ಆಯಿಲ್ ಸಂಪಲ್ಲೇ ತುರುಕಿ, ಹತ್ತು ಇಂಚಿನ ಚಕ್ರ ಹಾಕಿ ಹತ್ತಡಿಯಲ್ಲಿ ನಾಲ್ಕು ಜನ ಕೂರೋ ಹಾಗೆ ಮಾಡಿದವನು. ಡಿಕ್ಕಿ ಬಾಗ್ಲಿಗೂ ಅವನದ್ದೊಂದು ಉಪಾಯ ಇತ್ತು, ಅದು ಕೆಳಗಡೆ ಹಿಂಜ್ ಇಟ್ಟು ಹಲಗೆ ತರಹ ಹಿಂದಕ್ಕೆ ಬೀಳುತ್ತೆ, ಸಾಮಾನು ಜಾಸ್ತಿ ಆದ್ರೆ ಬಾಗ್ಲು ತೆಗೆದಿಟ್ಟೇ ಅದರ ಮೇಲೆ ಹೇರಿ ಓಡಿಸಬಹುದು, ಅದಕ್ಕೇ ಮೊದಲ ಮಾಡೆಲ್ಲಲ್ಲಿ ನಂಬರ್ ಪ್ಲೇಟಿಗೂ ಒಂದು ಹಿಂಜ್, ಬಾಗ್ಲು ಬಿದ್ರೂ ಪ್ಲೇಟ್ ನೇತಾಡ್ಕೊಂಡು ಹಿಂದಿನವರಿಗೆ ಕಾಣ್ಬೇಕು. ನಮ್ಮೂರ ಗೂಡ್ಸ್ ಟೆಂಪೋದವರ ತಲೆ. ಆಮೇಲೆ 1960ರಲ್ಲಿ ಎರಡು ರೆಕ್ಕೆಯ ಹಿಂಬಾಗ್ಲಿನ ಎಸ್ಟೇಟ್ ಬಂತು, ಕ್ಲಬ್‌ಮನ್ ಎಸ್ಟೇಟ್ ಅಂತ 1980ರ ತನಕ ಇತ್ತು, ಆದ್ರೆ ಅವು ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರದ ನಡುವಿನ ಅಂತರ) ಸುಮಾರು ನಾಲ್ಕು ಇಂಚು ಜಾಸ್ತಿ ಇರೋ ಬೇರೆಯೇ ಬಾಡಿ. 1968ರಲ್ಲಿ ಇಸಿಗೋನಿಸ್ ತಾನೇ 9ಎಕ್ಸ್ ಅಂತ ಹ್ಯಾಚ್ ಇರೋ ಹೊಸ ಮಿನಿ ಮಾಡಿ ತೋರಿಸಿದ್ದ, ಮೇಲಿನವರು ಮೂಲೆಗೆ ಹಾಕಿದ್ರು. ಇಟಲಿಯ ಇನ್ನೊಚೆಂಟಿಯವರು 1974ರಲ್ಲಿ ಬೆರ್ಟೋನೆ ಅನ್ನೋ ಡಿಸೈನ್ ಕಂಪನಿ ಕೈಲಿ ಹೊಸ ಬಾಡಿ ಮಾಡಿಸಿ ಅದೇ ಮಿನಿ ಯಂತ್ರದ ಮೇಲೆ ಹ್ಯಾಚ್ ಮಾಡಿ ಮಾರಿದ್ರು, ಇಲ್ಲಿಯವರು ಎಚ್ಚರ ಆಗಿ ಮೆಟ್ರೋ ಅನ್ನೋ ಹ್ಯಾಚ್ ಕಾರು ತಂದಿದ್ದು 1980ಕ್ಕೆ. ಫಿಯಟ್ 127 ಡಿಕ್ಕಿ ಜೊತೆ ಬಂದು ಒಂದೇ ವರ್ಷದಲ್ಲಿ, 1972ಕ್ಕೆ, ಹ್ಯಾಚ್ ಆಗಿತ್ತು. ಆಲ್ಫಾ ರೋಮಿಯೋದವರ ಆಲ್ಫಾಸುಡ್ ಕಾರು ನೋಡಿದ್ರೆ ಹ್ಯಾಚ್, ತೆಗೆದ್ರೆ ಡಿಕ್ಕಿ, ಸರಿ ಮಾಡೋಕೆ 1981 ಆಯ್ತು. ಆಗ ಮಿನಿ ಮಾಡ್ತಿದ್ದ ಬ್ರಿಟಿಷ್ ಲೇಲ್ಯಾಂಡಿನ ಪ್ರಿನ್ಸೆಸ್ ಕಾರಿನ ಕತೆನೂ ಇದೇ, 1982ರಲ್ಲಿ ಹ್ಯಾಚ್ ಕೊಟ್ಟು ಹೆಸರು ಅಂಬಾಸಿಡರ್ ಅಂತಿಟ್ರು, ನಮ್ಮ ಅಂಬಾಸಿಡರ್ ಅಲ್ಲ, ಹೆಸರು ಮಾತ್ರ.

ಸಾಕು ಇತಿಹಾಸ. ಗ್ಯಾರೇಜಿನ ವಿಷಯಕ್ಕೆ ಬರೋಣ.

ನಾನು ಹೋಗೋ ಮುಂಚೆ ಅಂದ್ಕೊಂಡಿದ್ದು ಹಿಂದಿನ ಗ್ಲಾಸ್, ಅದರ ಕೆಳಗಿನ ಪಟ್ಟಿ, ಡಿಕ್ಕಿ ಬಾಗ್ಲು ಮೂರನ್ನೂ ಒಂದು ಮಾಡಿ ಮೇಲೆ ಎರಡು ಹಿಂಜ್ ಹಾಕಿದ್ರೆ ಮುಗೀತು ಅಂತ. ಅಪ್ಪ (ಗ್ಯಾರೇಜಿನವರು, ಎಪ್ಪತ್ತರ ಆಸುಪಾಸು) ನಕ್ಕು ಒಂದು ರಟ್ಟಿನ ಡಬ್ಬ ತಂದ್ರು, ಮುಚ್ಚಳ ಹಾಕಿ ತಿರುಚಿ ತೋರಿಸಿದ್ರು, ಆಮೇಲೆ ಮುಚ್ಚಳ ಕಿತ್ತು ತಿರುಚಿದ್ರು. ಅಷ್ಟೇ ಪಾಠ. ಮಿನಿಗೆ ಬೇರೆ ಚಾಸಿ ಇಲ್ಲ, ಬಾಡಿನೇ ಚಾಸಿ, ಹಿಂದಿನ ಸೀಟಿನ ಬೆನ್ನ ಹಿಂದಿರೋ ತಗಡಿನ ಗೋಡೆ, ಅದರ ಮೇಲಿನ ಪಾರ್ಸೆಲ್ ಶೆಲ್ಫು, ಗ್ಲಾಸ್ ಕೆಳಗಿನ ಪಟ್ಟಿ, ಇವು ಮೂರು ಸೇರಿ ಎಡ ಬಲದ ಚಕ್ರದ ಗೂಡುಗಳನ್ನ ಹಿಡಿದಿಟ್ಟಿರುತ್ತವೆ. ಹ್ಯಾಚ್ ಬೇಕು ಅಂದ್ರೆ ಮೂರೂ ಹೋಗ್ಬೇಕು. ಹೋದಮೇಲೆ ಹಿಂಭಾಗ ಹಪ್ಪಳ. ಹಾಗಾಗಿ ಕತ್ತರಿಸೋದು ಒಂದು ದಿನದ ಕೆಲಸ, ಕತ್ತರಿಸಿದ ಬಲವನ್ನ ಬೇರೆ ದಾರಿಯಲ್ಲಿ ವಾಪಸ್ ಕೊಡೋದೇ ಉಳಿದ ಕೆಲಸ, ಬಿಲ್ಲೂ ಅದಕ್ಕೇ.

ಈ ಭಾಗದಲ್ಲಿ ಅವರ ಕೈಗೆ ದೊಡ್ಡ ನಮಸ್ಕಾರ. ಕತ್ತರಿ ಹಾಕೋ ಮುಂಚೆ ಎರಡೂ ಬಾಗ್ಲಿನ ಜಾಗಕ್ಕೆ ಅಡ್ಡ ಪೈಪ್ ಕೊಟ್ಟು ತಾತ್ಕಾಲಿಕವಾಗಿ ಚುಕ್ಕೆ ವೆಲ್ಡ್ ಹಾಕಿದ್ರು, ಗಾಡಿ ಸೊಟ್ಟ ಆಗ್ಬಾರ್ದು ಅಂತ. ಗುಜರಿಯಿಂದ ಇನ್ನೊಂದು ಮಿನಿಯ ಹಿಂಭಾಗ ತಂದು, ಹೊಸ ಹಿಂಬಾಗ್ಲನ್ನ ಅದರಿಂದ ಕತ್ತರಿಸಿದ್ರು, ಯಾಕಂದ್ರೆ ನಮ್ಮ ಗಾಡಿಯಿಂದಲೇ ಕತ್ತರಿಸಿದ ತುಂಡನ್ನ ಬಾಗ್ಲು ಮಾಡಿದ್ರೆ ಬ್ಲೇಡ್ ತಿಂದಷ್ಟು ಸಂದಿ ಸುತ್ತ ಉಳಿಯುತ್ತೆ, ಅಂಚು ಮಡಚೋಕೂ ತಗಡು ಸಾಲಲ್ಲ. ಆಮೇಲೆ ಎರಡು ಹಿಂದಿನ ಕಂಬದ ಒಳಗಿಂದ ಪೈಪಿನ ಕಮಾನು, ಅದು ಕೆಳಗೆ ಚಕ್ರದ ಗೂಡಿಗೆ, ಅಲ್ಲಿಂದ ಹಿಂದಿನ ಸಬ್‌ಫ್ರೇಮ್ (ಹಿಂದಿನ ಚಕ್ರಗಳನ್ನ ಹೊರೋ ಕಬ್ಬಿಣದ ಚೌಕಟ್ಟು) ಬೋಲ್ಟ್ ಕೂರೋ ಜಾಗಕ್ಕೆ. ಮೇಲೆ ರೂಫಿನ ಹಿಂದಿನ ಅಂಚಲ್ಲಿ ಹಿಂಜ್ ಕೂರೋಕೆ ಸ್ಕ್ವೇರ್ ಪೈಪು, ಮೊದಲು ಅಲ್ಲಿ ಇದ್ದಿದ್ದು ಗ್ಲಾಸಿನ ರಬ್ಬರ್ ಹಿಡಿಯೋ ತೆಳು ಮಡಿಕೆ ಮಾತ್ರ. ತೆಳು ತಗಡು, ಒಂದೇ ಕಡೆ ಉದ್ದಕ್ಕೆ ವೆಲ್ಡ್ ಎಳೆದ್ರೆ ಕಾದು ಅಲೆ ಅಲೆ ಆಗುತ್ತೆ, ಅದಕ್ಕೆ ಮಗ ಇಲ್ಲೊಂದು ಚುಕ್ಕೆ ಅಲ್ಲೊಂದು ಚುಕ್ಕೆ, ಆಮೇಲೆ ಕೈ ಕಟ್ಕೊಂಡು ಆರೋ ತನಕ ಕಾಯೋದು, ಮತ್ತೆ ಎದುರುಗಡೆ ಒಂದು ಚುಕ್ಕೆ. ನಾನು ಒಂದು ಶನಿವಾರ ಪೂರ್ತಿ ನಿಂತು ನೋಡಿದ್ದೀನಿ, ನಮ್ಮ ಕೋಟೇಶ್ವರದ ಟಿಂಕರಿಂಗ್ ಶೆಡ್ಡಲ್ಲಿ ಸಣ್ಣವನಿದ್ದಾಗ ನಿಂತು ನೋಡ್ತಿದ್ದದ್ದು ನೆನಪಾಯ್ತು. ಪುಟ್ಟಿ ಕಡಿಮೆನೇ ಬಳಸಿದ್ದು, ಅಯಸ್ಕಾಂತ ತಗೊಂಡು ಹೋಗಿ ಚೆಕ್ ಮಾಡಿದೆ, ಎಲ್ಲಾ ಕಡೆ ಅಂಟ್ತು.

ಗಾಡಿ ತಗೊಳ್ಳೋ ದಿನ ಅಪ್ಪ ಒಂದು ಪರೀಕ್ಷೆ ಮಾಡಿ ತೋರಿಸಿದ್ರು, ಇಂಥ ಕೆಲಸ ಮಾಡಿಸೋರು ಯಾರಾದ್ರೂ ಇದ್ರೆ ನೆನಪಿಟ್ಕೊಳ್ಳಿ. ಹಿಂದಿನ ಒಂದೇ ಮೂಲೆಗೆ ಜಾಕ್ ಕೊಟ್ಟು ಚಕ್ರ ನೆಲ ಬಿಡೋ ತನಕ ಎತ್ತಿದ್ರು, ಹಾಗೇ ಬಾಗ್ಲುಗಳನ್ನ ತೆಗೆದು ಹಾಕಿದ್ರು. ಮುಂದಿನ ಎರಡೂ ಬಾಗ್ಲು, ಹಿಂದಿನ ಹ್ಯಾಚು, ಮೂರೂ ಮೊದಲಿನ ಹಾಗೇ ಕೂತ್ವು, ಸಂದಿ ಹೆಚ್ಚುಕಮ್ಮಿ ಆಗ್ಲಿಲ್ಲ. ಬಾಡಿ ಸಡಿಲ ಇದ್ರೆ ಅಲ್ಲೇ ಬಾಗ್ಲು ಕಚ್ಚಿಕೊಳ್ಳುತ್ತೆ. ಐದಕ್ಕೆ ಐದು ಕೊಟ್ಟಿದ್ದು ಇದಕ್ಕೆ.

ಇನ್ನು ಬೈಗುಳ.

ಡಿಕ್ಕಿಯಲ್ಲಿ ನಿಂತಿದ್ದ ಟ್ಯಾಂಕ್ ಹೋಗ್ಲೇಬೇಕಿತ್ತು. ವ್ಯಾನಿನ ಟ್ಯಾಂಕ್ ನೆಲದ ಕೆಳಗೆ ಇರುತ್ತೆ, ಆದ್ರೆ ಅದು ನಮ್ಮ ಗಿಡ್ಡ ಬಾಡಿಗೆ ಕೂರಲ್ಲ, ಹಾಗಾಗಿ ಸ್ಟೆಪ್ನಿ ಗುಂಡಿಯಲ್ಲಿ ಕೂರೋ ಅಲ್ಯುಮಿನಿಯಂ ಟ್ಯಾಂಕ್ ಮಾಡಿಸಿದ್ರು. ಸ್ಟೆಪ್ನಿ ಹೋಯ್ತು, ಈಗ ಪಂಕ್ಚರ್ ಆದ್ರೆ ಒಂದು ಡಬ್ಬಿ ಸೀಲಂಟು ಮತ್ತು ದೇವರು. ಅದು ನಾನು ಒಪ್ಪಿದ್ದೇ. ಒಪ್ಪದೇ ಇದ್ದದ್ದು ಪೆಟ್ರೋಲ್ ವಾಸನೆ. ಮೊದಲು ಟ್ಯಾಂಕಿಗೂ ನಮಗೂ ಮಧ್ಯ ತಗಡಿನ ಗೋಡೆ ಇತ್ತು, ಈಗ ಡಿಕ್ಕಿ ಅನ್ನೋದೇ ಇಲ್ಲ, ಟ್ಯಾಂಕ್ ಇರೋದು ಮನುಷ್ಯರು ಕೂರೋ ಕೋಣೆಯಲ್ಲೇ ಲೆಕ್ಕ, ಅಂದಮೇಲೆ ಅದಕ್ಕೊಂದು ಗಾಳಿಯಾಡದ ಪೆಟ್ಟಿಗೆ ಬೇಕು, ಟ್ಯಾಂಕ್ ಉಸಿರಾಡೋ ಪೈಪು ಗಾಡಿ ಹೊರಗೆ ಹೋಗ್ಬೇಕು. ಇವರು ಮೇಲೊಂದು ಪ್ಲೈವುಡ್ ಹಲಗೆ, ಅದರ ಮೇಲೆ ಕಾರ್ಪೆಟ್ ಹಾಕಿ ಕೊಟ್ಟಿದ್ರು. ಹೋಸ್ ಪೈಪೂ ಹಳೇ ಥರದ್ದು. ಇಲ್ಲಿ 2021ರಿಂದ ಮಾಮೂಲಿ ಪೆಟ್ರೋಲಲ್ಲಿ ಹತ್ತು ಪರ್ಸೆಂಟ್ ತನಕ ಎಥೆನಾಲ್, ಅದು ಹಳೇ ರಬ್ಬರನ್ನ ತಿಂದು ಹಾಕುತ್ತೆ, ನಾನು ಸೂಪರ್ ಪೆಟ್ರೋಲ್ ಹಾಕಿದ್ರೂ ಐದು ಪರ್ಸೆಂಟ್ ತನಕ ಇರಬಹುದು. ಎಥೆನಾಲ್ ತಡೆಯೋ ಆರ್9 ದರ್ಜೆಯ ಹೋಸ್ ಹಾಕಿ ಅಂತ ನಾನೇ ಹೇಳಿ ಹಾಕಿಸ್ಬೇಕಾಯ್ತು. ಹಳೇ ಕಾರಿನ ಸ್ಪೆಷಲಿಸ್ಟಿಗೆ ಇದು ನಾನು ಹೇಳೋ ಮಾತಾ?

ಅದಕ್ಕಿಂತ ದೊಡ್ಡದು ಬೀಡಿಂಗ್. ಹ್ಯಾಚ್ ಸುತ್ತ ಇವರು ಹಾಕಿದ್ದು ಅಂಟಿಸೋ ಸ್ಪಂಜ್ ಪಟ್ಟಿ. ಮೊದಲ ಮಳೆಗೆ ಎಡ ಮೂಲೆಯಿಂದ ನೀರು, ಮಿನಿ ರೂಫಿನ ಎರಡು ಬದಿಯ ಗಟಾರದ ನೀರು ಹಿಂದೆ ಬಂದು ಸರಿಯಾಗಿ ಆ ಮೂಲೆಗೇ ಬೀಳುತ್ತೆ, ಚಂಡೆ ಚರ್ಮಕ್ಕೆ ನೀರು ತಾಗಿದ್ರೆ ಶ್ರುತಿ ಕತೆ ಮುಗೀತು ಅನ್ನೋದು ಬಾರಿಸೋರಿಗೆ ಗೊತ್ತು. ನೀರಾದ್ರೂ ಕಣ್ಣಿಗೆ ಕಾಣ್ತಿತ್ತು, ಹೊಗೆ ಕಾಣಲಿಲ್ಲ. ಲೆಸ್ಟರಿಗೆ ಹೋಗಿ ಬರೋವಾಗ ಮಗಳು ತಲೆನೋವು ಅಂದ್ಳು, ಕಾರಲ್ಲಿ ಮೊಬೈಲ್ ನೋಡಿದ್ದಕ್ಕೆ ಅಂತ ಗದರಿಸಿದೆ, ಪಾಪ. ಮುಂದಿನ ಸಲ ನನಗೇ ತಲೆ ಭಾರ. ಹಿಂದೆ ನೆಟ್ಟಗೆ ಕತ್ತರಿಸಿದ ಹಾಗಿರೋ ಗಾಡಿ ಓಡುವಾಗ ಅದರ ಬೆನ್ನ ಹಿಂದೆ ಗಾಳಿಯ ಒತ್ತಡ ಕಮ್ಮಿ ಆಗಿ ಸುಳಿ ಏಳುತ್ತೆ, ಸೈಲೆನ್ಸರ್ ಹೊಗೆ ಆ ಸುಳಿಯಲ್ಲಿ ಸಿಕ್ಕಿ ಮೇಲೆ ಬಂದು ಎಲ್ಲಿ ಸಂದಿ ಇದೆಯೋ ಅಲ್ಲಿಂದ ಒಳಗೆ. ಮೊದಲು ಡಿಕ್ಕಿ ಬಾಗ್ಲಿಂದ ಸೋರಿದ್ರೂ ಸೀಟ್ ಹಿಂದಿನ ಗೋಡೆ ತಡೀತಿತ್ತು. ಮನೆಯ ಬಾಯ್ಲರ್ ಹತ್ರ ಇಡೋ ಕಾರ್ಬನ್ ಮಾನಾಕ್ಸೈಡ್ (ಹೊಗೆಯಲ್ಲಿರೋ ವಿಷಗಾಳಿ) ಅಲಾರಂ ತಂದು ಹಿಂದಿನ ಸೀಟಲ್ಲಿ ಇಟ್ಟು ಕಿಟಕಿ ಮುಚ್ಚಿ ಐವತ್ತು ಮೈಲಿ ಸ್ಪೀಡಲ್ಲಿ ಓಡಿಸಿದೆ, ಸೊನ್ನೆ ಇರ್ಬೇಕಾದ ಅಂಕಿ ನಲವತ್ತು ದಾಟ್ತು, ಅಲ್ಲೇ ನಿಲ್ಲಿಸಿ ಎಲ್ಲಾ ಬಾಗ್ಲು ತೆಗೆದು ಕೂತೆ. ಆ ದಿನ ಗ್ಯಾರೇಜಿಗೆ ಹೋಗಿ ನಾನು ಕೂಗಾಡಿದ್ದು ನನ್ನ ಇಂಗ್ಲಿಷಿಗೆ ಮೀರಿದ್ದು, ಮಧ್ಯ ಮಧ್ಯ ಕುಂದಾಪ್ರ ಕನ್ನಡನೂ ಬಂತು, ಅವರಿಗೆ ಅರ್ಥ ಆದ ಹಾಗೇ ಇತ್ತು.

ಅಪ್ಪ ತಪ್ಪೊಪ್ಪಿಕೊಂಡ್ರು ಅನ್ನೋದನ್ನ ಬರೀಲೇಬೇಕು. ಒಂದು ಪೈಸೆ ಕೇಳದೆ ಸ್ಪಂಜ್ ಕಿತ್ತು, ಒಳಗೆ ಕ್ಲಿಪ್ ಇದ್ದು ಮೇಲೆ ಟೊಳ್ಳಾಗಿ ಉಬ್ಬಿರೋ ಸರಿಯಾದ ಹ್ಯಾಚ್ ಬೀಡಿಂಗ್ ಹಾಕಿದ್ರು, ಅದು ಕಚ್ಚಿ ಕೂರೋಕೆ ಸುತ್ತ ಮಡಿಕೆಯ ಎತ್ತರ ಒಂದೇ ಸಮ ಇರ್ಬೇಕು, ಎರಡು ಕಡೆ ಮತ್ತೆ ತಗಡು ಕಟ್ಟಿದ್ರು, ಸೈಲೆನ್ಸರ್ ಬಾಲವನ್ನ ಬಂಪರ್ ದಾಟಿ ಆಚೆ ಬರೋ ಹಾಗೆ ಉದ್ದ ಮಾಡಿದ್ರು, ಟ್ಯಾಂಕಿಗೆ ಅಲ್ಯುಮಿನಿಯಂ ಪೆಟ್ಟಿಗೆನೂ ಬಂತು. ಈಗ ಅಲಾರಂ ಸೊನ್ನೆ ತೋರಿಸುತ್ತೆ. ಆದ್ರೂ ಅದು ಗಾಡಿಯಲ್ಲೇ ಇದೆ, ಯಾವತ್ತೂ ತೆಗೆಯಲ್ಲ. ಹ್ಯಾಚ್ ಮಾಡಿಸಿದ ಯಾವ ಹಳೇ ಗಾಡಿಯಲ್ಲಾದ್ರೂ ಮೊದಲ ದಿನವೇ ಇದೊಂದು ಇಡಿ, ಇಪ್ಪತ್ತು ಪೌಂಡಿಗೆ ಸಿಗುತ್ತೆ.

ಸಣ್ಣಪುಟ್ಟದ್ದು: ಹ್ಯಾಚ್ ಎತ್ತಿ ಹಿಡಿಯೋ ಗ್ಯಾಸ್ ಸ್ಟ್ರಟ್. ಬೇಸಿಗೆಯಲ್ಲಿ ಚೆನ್ನಾಗಿ ನಿಲ್ಲುತ್ತೆ, ಚಳಿಗೆ ಒಳಗಿನ ಗ್ಯಾಸಿನ ಒತ್ತಡ ಇಳಿಯುತ್ತೆ, ಜನವರಿಯ ಒಂದು ಬೆಳಗ್ಗೆ ಹ್ಯಾಚ್ ನಿಧಾನಕ್ಕೆ ಇಳಿದು ನನ್ನ ತಲೆ ಮೇಲೆ ಕೂತ್ಕೊಳ್ತು. ಜೋರು ಸ್ಟ್ರಟ್ ಹಾಕಿದ್ರೆ ಬೇಸಿಗೆಯಲ್ಲಿ ಮುಚ್ಚೋಕೆ ಇಬ್ಬರು ಬೇಕು. ಈಗ ಮಧ್ಯಮದ್ದು ಹಾಕಿದ್ದಾರೆ, ಚಳಿಗಾಲಕ್ಕೆ ನಾನು ಒಂದು ಕೋಲು ಇಟ್ಕೊಂಡಿದ್ದೀನಿ. ಹಿಂದಿನ ಸೀಟ್ ಬೆಲ್ಟ್ ಬಗ್ಗೆ ಮಾತ್ರ ನಾನೇ ಮೊದಲೇ ಹಟ ಹಿಡಿದಿದ್ದೆ, ಬೋಲ್ಟ್ ಹಿಡಿಯೋ ಜಾಗಗಳೇ ಕತ್ತರಿಸಿ ಹೋಗೋದ್ರಿಂದ ಹೊಸ ಕಮಾನಿಗೆ ದಪ್ಪ ಪ್ಲೇಟ್ ವೆಲ್ಡ್ ಮಾಡಿ ಅದಕ್ಕೆ ಕೂರಿಸಿದ್ದಾರೆ, ಅದು ಚೆನ್ನಾಗಿದೆ.

ಕಾಗದ ಪತ್ರದ ವಿಷಯದಲ್ಲಿ ಗ್ಯಾರೇಜಿನವರು ಹೇಳಿದ್ದು "ಯಾರಿಗೂ ಏನೂ ಹೇಳೋದು ಬೇಡ, ಯಾರು ನೋಡ್ತಾರೆ" ಅಂತ. ಇದನ್ನ ನಂಬ್ಬೇಡಿ. ಇಲ್ಲಿ ನಲವತ್ತು ವರ್ಷ ದಾಟಿದ ಗಾಡಿಗೆ ರೋಡ್ ಟ್ಯಾಕ್ಸ್ ಇಲ್ಲ, ವರ್ಷಾವರ್ಷ ಮಾಡಿಸೋ ಎಂಒಟಿ ಪರೀಕ್ಷೆಯೂ ಕಡ್ಡಾಯ ಅಲ್ಲ, ಆದ್ರೆ ಕಳೆದ ಮೂವತ್ತು ವರ್ಷದಲ್ಲಿ ಗಾಡಿಯನ್ನ ಗಣನೀಯವಾಗಿ ಬದಲಾಯಿಸಿದ್ರೆ ಎಂಒಟಿ ವಿನಾಯಿತಿ ಸಿಗಲ್ಲ. ಬರ್ಮಿಂಗ್‌ಹ್ಯಾಮ್ ಒಳಗೆ 2021ರಿಂದ ಕ್ಲೀನ್ ಏರ್ ಝೋನ್ ಇದೆ, ಹಳೇ ಗಾಡಿಗೆ ದಿನಕ್ಕೆ ಎಂಟು ಪೌಂಡ್, ಹಿಸ್ಟಾರಿಕ್ ಅಂತ ದಾಖಲೆ ಇದ್ರೆ ಮಾತ್ರ ಮಾಫಿ. ನಾನು ಕತ್ತರಿಸೋ ಮುಂಚೆನೇ ಡಿವಿಎಲ್‌ಎಗೆ (ಇಲ್ಲಿ ಗಾಡಿ ನೋಂದಣಿ ನೋಡ್ಕೊಳ್ಳೋ ಸರ್ಕಾರಿ ಕಚೇರಿ) ಫೋಟೋ, ಡ್ರಾಯಿಂಗ್ ಸಮೇತ ಬರೆದೆ, ಇನ್ಶೂರೆನ್ಸಿನವರಿಗೆ ಪ್ರತಿಯೊಂದನ್ನೂ ಹೇಳಿದೆ, ಪ್ರೀಮಿಯಂ ಏರ್ತು, ಏರ್ಲಿ. ಎಂಒಟಿ ವರ್ಷಾವರ್ಷ ಮಾಡಿಸ್ತೀನಿ, ವೆಲ್ಡ್ ಮಾಡಿದ ಜಾಗವನ್ನ ಮೂರನೆಯವರೊಬ್ಬರು ವರ್ಷಕ್ಕೊಮ್ಮೆ ನೋಡ್ಲಿ ಅಂತ.

ಊರಿಂದ ಇಬ್ಬರು ಗೆಳೆಯರು ಫೋಟೋ ನೋಡಿ "ನನ್ನ ಪದ್ಮಿನಿಗೂ ಹಿಂಗೇ ಮಾಡಿಸ್ಲಾ" ಅಂತ ಕೇಳಿದ್ರು. ಬೇಡ. ಅಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಗಟ್ಟಿ ಮಾಡಿ ಹೇಳಿದೆ. ಆರ್‌ಟಿಓದವರು ಹಿಡಿದ್ರೆ ಗಾಡಿನೂ ಹೋಗುತ್ತೆ, ಅಪಘಾತ ಆದ್ರೆ ಇನ್ಶೂರೆನ್ಸಿನವರು ಕೈ ಎತ್ತುತ್ತಾರೆ. ಪದ್ಮಿನಿ ಡಿಕ್ಕಿ ಹೇಗೂ ದೊಡ್ಡದೇ, ಅದರಲ್ಲಿ ಒಂದು ಮೇಳದ ಸಾಮಾನು ಹಿಡಿಯುತ್ತೆ.

ದುಡ್ಡು. ಮೊದಲ ಕೊಟೇಶನ್ 6,800 ಪೌಂಡ್, ಕೊನೆಗೆ ಬಿಲ್ಲು 8,450. ಹೆಚ್ಚಾಗಿದ್ದರಲ್ಲಿ ಅರ್ಧ ನ್ಯಾಯವಾದದ್ದು, ಬಿಚ್ಚಿದ ಮೇಲೆ ಸೀಟಿನ ಕೆಳಗಿನ ಅಡ್ಡ ಪ್ಯಾನಲ್ ತುಕ್ಕು ತಿಂದು ಜರಡಿ ಆಗಿತ್ತು, ಸಬ್‌ಫ್ರೇಮ್ ಮುಂದಿನ ಬೋಲ್ಟ್ ಕೂರೋದೇ ಅಲ್ಲಿ, ಅದನ್ನ ಬಿಟ್ಟು ಮುಂದೆ ಹೋಗೋಕೆ ಆಗಲ್ಲ. ಇನ್ನರ್ಧಕ್ಕೆ ನನಗೆ ಇವತ್ತಿಗೂ ಲೆಕ್ಕ ಸಿಕ್ಕಿಲ್ಲ. ಹತ್ತು ವಾರ ಅಂದಿದ್ದು ಏಳು ತಿಂಗಳಾಯ್ತು. ಅದರಲ್ಲಿ ಎರಡು ತಿಂಗಳು ಹಿಂದಿನ ಗ್ಲಾಸಿನ ಸಲುವಾಗಿ, ಹಳೇದು ಬಿಚ್ಚೋವಾಗ ಒಡೆದ್ರು, ಡೀಫಾಗರ್ ಗೆರೆ ಇರೋ ಇನ್ನೊಂದು ಹುಡುಕ್ಬೇಕಾಯ್ತು. ಉಳಿದ ತಿಂಗಳು ಏನು ಮಾಡ್ತಿದ್ರು ಅಂತ ಕೇಳಿದ್ರೆ ಮಗ ಅಪ್ಪನ್ನ ನೋಡ್ತಾನೆ, ಅಪ್ಪ ಕೆಟಲ್ ಆನ್ ಮಾಡ್ತಾರೆ.

ಬಳಕೆ ಹೇಗಿದೆ ಅಂದ್ರೆ, ಇದನ್ನ ಹೇಳೋಕೆ ನನಗೆ ನಾಚಿಕೆ ಆಗುವಷ್ಟು ಖುಷಿ. ಹಿಂದಿನ ಸೀಟ್ ಮಡಚಿದ್ರೆ ಚಂಡೆ, ಮದ್ದಳೆ, ಹಾರ್ಮೋನಿಯಂ, ಮಡಚೋ ಮೈಕ್ ಸ್ಟ್ಯಾಂಡು, ಇಪ್ಪತ್ತು ಜನರ ಗೋಳಿಬಜೆ ಡಬ್ಬಿ, ಎಲ್ಲಾ ಒಂದೇ ಸಲಕ್ಕೆ ಹೋಗುತ್ತೆ, ಸೊಂಟಕ್ಕೆ ಕೆಲಸ ಇಲ್ಲ. ಮಳೆ ಬಂದ್ರೆ ಎತ್ತಿದ ಹ್ಯಾಚ್ ಕೆಳಗೆ ನಿಂತು ಕಾಫಿ ಕುಡೀಬಹುದು, ಇಂಗ್ಲೆಂಡಲ್ಲಿ ಇದು ಸಣ್ಣ ಸೌಲಭ್ಯ ಅಲ್ಲ. ಓಡಿಸೋಕೆ ಹಿಂಭಾಗ ಸ್ವಲ್ಪ ಭಾರ ಅನ್ನಿಸುತ್ತೆ, ತಿರುವಲ್ಲಿ ಮೊದಲಿನ ಚುರುಕು ಒಂದು ಕೂದಲೆಳೆ ಕಮ್ಮಿ, ಸದ್ದು ಜಾಸ್ತಿ, ಮೊದಲು ಡಿಕ್ಕಿಯಲ್ಲೇ ಉಳೀತಿದ್ದ ಚಕ್ರದ ಶಬ್ದ ಎಲ್ಲಾ ಈಗ ಕಿವಿಗೇ. ಕ್ಲಾಸಿಕ್ ಕಾರಿನ ಶುದ್ಧಾಚಾರದ ಮಂದಿ ಪಾರ್ಕಿಂಗಲ್ಲಿ ನೋಡಿ ಮುಖ ಸಿಂಡರಿಸ್ತಾರೆ, ಒಬ್ಬರಂತೂ ಗಾಡಿ ಸಾಯಿಸಿದ್ದೀಯಾ ಅಂದ್ರು. ಎದುರು ಮನೆ ಅಜ್ಜಿಗೆ ತೋರಿಸೋಕೆ ನನಗೆ ಅದಕ್ಕೇ ಭಯ ಇತ್ತು, ಅವರ ಯಜಮಾನರ ಗಾಡಿ ಅಲ್ವಾ. ಅವರು ಸುತ್ತ ಒಂದು ರೌಂಡ್ ಬಂದು, ಹ್ಯಾಚ್ ಎತ್ತಿ ಇಳಿಸಿ, ಈ ಮನುಷ್ಯ ನಲವತ್ತು ವರ್ಷ ನನ್ನ ಶಾಪಿಂಗ್ ಚೀಲಗಳನ್ನ ಆ ಸಣ್ಣ ಬಾಯಿಗೆ ತುರುಕಿ ಮೊಟ್ಟೆ ಒಡೆದಿದ್ದಾನೆ, ಆಗಲೇ ಮಾಡಿಸ್ಬೇಕಿತ್ತು ಅಂದ್ರು.

ಬಾಕಿ ಇರೋ ಕೆಲಸ ಅಂದ್ರೆ ನಂಬರ್ ಪ್ಲೇಟ್ ಲೈಟು, ಹಿಂಜ್ ಹತ್ರ ಮಡಚೋ ಜಾಗದಲ್ಲಿ ವೈರ್ ಎರಡು ಸಲ ತುಂಡಾಗಿದೆ, ರಬ್ಬರ್ ಕೊಳವೆ ಹಾಕಿ ಕೊಡ್ತೀನಿ ಅಂದಿದ್ದಾರೆ, ಯಾವ ವಾರ ಅಂತ ಹೇಳಿಲ್ಲ. ಕತ್ತರಿಸಿದ ತುಂಡುಗಳನ್ನ ಇಟ್ಟಿರಿ, ಮುಂದೆ ಯಾರಾದ್ರೂ ವಾಪಸ್ ಹಳೇ ಥರ ಮಾಡ್ಬೇಕು ಅಂದ್ರೆ ಇರ್ಲಿ ಅಂತ ಕೇಳಿಕೊಂಡಿದ್ದೆ, ಎಲ್ಲಾ ಗುಜರಿಗೆ ಹಾಕಿಬಿಟ್ಟಿದ್ದಾರೆ. ಉಳಿದಿದ್ದು ಡಿಕ್ಕಿ ಬಾಗ್ಲೊಂದೇ. ಅದನ್ನ ತಂದು ಶೆಡ್ಡಿನ ಗೋಡೆಗೆ ಅದೇ ಕೆಳಗಿನ ಹಿಂಜಲ್ಲಿ ಕೂರಿಸಿದ್ದೀನಿ, ತೆಗೆದ್ರೆ ಹಲಗೆ ತರಹ ಬೀಳುತ್ತೆ, ಭಾನುವಾರ ಚಂಡೆ ಹುರಿ ಬಿಗಿ ಮಾಡೋವಾಗ ಚಹಾ ಲೋಟ ಇಡೋಕೆ ಆಗುತ್ತೆ.